ಮೀನಖಂಡ

ನಮ್ಮ ಹನುಮನಿಗೆ ನಾಲ್ಕು ವರ್ಷ ತುಂಬುವಾಗ ಅವನ ಮೀನಖಂಡಗಳು ಹತ್ತು ವರ್ಷದ ಹುಡುಗನ ಮೀನಖಂಡಗಳಷ್ಟು ದಪ್ಪ ಇದ್ದವು. ಅದನ್ನು ಮೊದಲು ಗುರುತಿಸಿದವರು ನಮ್ಮಪ್ಪ. ಒಂದು ಭಾನುವಾರ ಮೊಮ್ಮಗನನ್ನು ಹಲಗೆಯ ಮೇಲೆ ನಿಲ್ಲಿಸಿ ಎಣ್ಣೆ ತಿಕ್ಕುತ್ತಿದ್ದವರು ತಟ್ಟನೆ ಕೈ ನಿಲ್ಲಿಸಿದರು. ಎರಡೂ ಕಾಲನ್ನು ಹಿಂದಿನಿಂದ ಅಮುಕಿ ಅಮುಕಿ ನೋಡಿದರು. ಆಮೇಲೆ ಬೀದಿಗೆ ಹೋಗಿ ನಾಲ್ಕು ಜನರನ್ನು ಕರೆತಂದರು. ಆ ನಾಲ್ವರೂ ಅಮುಕಿ ನೋಡಿ ತಲೆದೂಗಿದರು. ಮಗು ಮೈತುಂಬ ಎಣ್ಣೆಯಾಗಿ ನಿಂತು ಎಲ್ಲರನ್ನೂ ನೋಡಿ ನಗುತ್ತಿತ್ತು. ಕಾಯಿಸಿದ ನೀರು ಆರಿಹೋಗುತ್ತಿದೆ ಎಂದು ಮಗುವಿನ ತಾಯಿ ಅಂಜನಮ್ಮ ಒಳಗಿನಿಂದ ಗೊಣಗುತ್ತಿದ್ದಳು.

ನಮ್ಮಪ್ಪ ದೊಡ್ಡಹನುಮಯ್ಯ ಹೆಗ್ಗನಹಳ್ಳಿ ಗರಡಿಯ ಉಸ್ತಾದರು. ಮಗನನ್ನು ಪೈಲ್ವಾನನನ್ನಾಗಿ ಮಾಡಲು ಹದಿನೈದು ವರ್ಷ ಪಟ್ಟ ಶ್ರಮವೆಲ್ಲ, ನಮ್ಮಣ್ಣ ಉಗ್ರಪ್ಪ ರಾಜಾಜಿನಗರದ ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಕೆಲಸ ಹಿಡಿದ ದಿನವೇ ನೀರಿನಲ್ಲಿ ಹೋಮ ಮಾಡಿದಂತಾಗಿತ್ತು. ಈಗ ಮೊಮ್ಮಗ ಸಿಕ್ಕಿದ್ದ. ಅಂಜನಮ್ಮನ ಮಗ ಹನುಮಂತನಾಗದೆ ಇನ್ನೇನಾಗುತ್ತಾನೆ ಎಂದು ಊರವರು ಸೊಸೆಯನ್ನು ರೇಗಿಸುತ್ತಿದ್ದರು. ಅವಳಿಗೂ ಆಗ ಅದು ಹಿತವಾಗಿಯೇ ಇತ್ತು.

ಇನ್ನು ನಾನು. ಹೆಸರು ಇಂದ್ರಮ್ಮ, ಉಗ್ರಪ್ಪನ ತಂಗಿ. ರಾಜಾಜಿನಗರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಮದುವೆಯಾಗಲಿಲ್ಲ, ಅದರ ಕತೆ ಇಲ್ಲಿ ಬೇಡ. ಗರಡಿಯೊಳಗೆ ಹೆಂಗಸರು ಕಾಲಿಡುವಂತಿಲ್ಲ. ಚಿಕ್ಕವಳಿದ್ದಾಗ ಹೊರಗೋಡೆಯ ಬಿರುಕಿಗೆ ಕಣ್ಣಿಟ್ಟು ಅಣ್ಣ ಕೆಮ್ಮಣ್ಣಿನಲ್ಲಿ ಹೊರಳುವುದನ್ನು ನೋಡುತ್ತಿದ್ದೆ. ಅವನಿಗಿಂತ ನನ್ನ ಹಟ ದೊಡ್ಡದು, ಅವನಿಗಿಂತ ನನಗೆ ದಮ್ಮು ಹೆಚ್ಚು ಎಂದು ನನಗೆ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಆದರೂ ಬಾಗಿಲು ದಾಟಿ ಬಾ ಎನ್ನಲಿಲ್ಲ. ನೀವು ಮಣ್ಣಿನಲ್ಲಿ ಬಿದ್ದು ಎದ್ದು ಕಲಿಯುವುದನ್ನು ನಾನು ಪುಸ್ತಕದಲ್ಲೇ ಕಲಿಯುತ್ತೇನೆ ಎಂದು ಹೊಟ್ಟೆಕಿಚ್ಚಿಗೆ ಓದಿದವಳು ನಾನು. ಬಿ.ಎಸ್ಸಿ.ಯಲ್ಲಿ ಸ್ನಾಯುಗಳ ಪಾಠ ನನಗೆ ಬಾಯಿಪಾಠವಾಗಿದ್ದರಲ್ಲಿ ವಿಶೇಷವೇನೂ ಇಲ್ಲ.

ಐದನೇ ವರ್ಷಕ್ಕೆ ಅಪ್ಪ ಹನುಮನನ್ನು ಗರಡಿಗೆ ಕರೆದೊಯ್ದರು. ಸೊಂಟಕ್ಕೆ ಪುಟ್ಟ ಲಂಗೋಟಿ ಕಟ್ಟಿ, ಹಣೆಗೆ ಮಣ್ಣಿಟ್ಟು, ಬಸ್ಕಿ ಹೊಡೆಯಲು ಕಲಿಸಿದರು. ಹತ್ತು ಬಸ್ಕಿಗೆ ಒಂದರಂತೆ ಹುಣಸೆಬೀಜ ಎತ್ತಿಡುವುದು ಹನುಮನ ಕೆಲಸ. ಆ ಹುಡುಗನಿಗೆ ಬಸ್ಕಿಗಿಂತ ಎಣಿಕೆಯೇ ಇಷ್ಟ. ಬೀಜ ಎತ್ತಲು ಬಗ್ಗಿದವನು ಮತ್ತೆ ಏಳುವಾಗ ಮಾತ್ರ ಒಂದು ವಿಚಿತ್ರ ಮಾಡುತ್ತಿದ್ದ. ಮೊದಲು ಎರಡೂ ಕೈ ನೆಲಕ್ಕೂರಿ ಹಿಂಭಾಗ ಮೇಲೆತ್ತುವನು. ಆಮೇಲೆ ಒಂದೊಂದೇ ಕೈಯನ್ನು ಮಂಡಿಗೆ ಕೊಟ್ಟು, ಮಂಡಿಯಿಂದ ತೊಡೆಗೆ ತಂದು, ತನ್ನ ಕಾಲನ್ನೇ ತಾನು ಹಿಡಿದು ಹತ್ತುವಂತೆ ಮೇಲೇಳುವನು.

ಗರಡಿಯವರಿಗೆ ಅದು ಹೇಗೆ ಕಂಡಿತು ನೋಡಿ. ಪೈಲ್ವಾನರು ಕಣಕ್ಕಿಳಿಯುವ ಮುಂಚೆ ತೊಡೆ ತಟ್ಟುತ್ತಾರಲ್ಲ, ಮಗು ಅದನ್ನು ಯಾರೂ ಹೇಳಿಕೊಡದೆಯೇ ಮಾಡುತ್ತಿದೆ ಎಂದರು. ಅವನು ತೊಡೆಗೆ ಕೈ ಕೊಟ್ಟು ಎದ್ದಾಗಲೆಲ್ಲ ಸುತ್ತ ನಿಂತವರು ಶಹಬ್ಬಾಸ್ ಎನ್ನುತ್ತಿದ್ದರು. ಅವನಿಗೂ ಖುಷಿಯಾಗಿ ಇನ್ನೊಮ್ಮೆ ಕೂತು ಇನ್ನೊಮ್ಮೆ ಏಳುತ್ತಿದ್ದ. ಬೇರೆ ಯಾರ ಮನೆಯಲ್ಲಾದರೂ ಹುಟ್ಟಿದ್ದರೆ ಅವನನ್ನು ಆಗಲೇ ಯಾರಾದರೂ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದರೋ ಏನೋ. ನಮ್ಮ ಮನೆಯಲ್ಲಿ ಚಪ್ಪಾಳೆ ಹೊಡೆದೆವು.

ಹನುಮನಿಗೆ ಆರು ವರ್ಷ ನಡೆಯುತ್ತಿದ್ದಾಗ ಅಂಜನಮ್ಮ ನನ್ನ ಹತ್ತಿರ ಬಂದಳು. ಮಗು ಬಸ್ಸಿನ ಮೆಟ್ಟಿಲು ಹತ್ತಲಾರದು, ಓಡಿದರೆ ಬೀಳುತ್ತದೆ, ಬಸ್ಕಿ ಹೊಡೆದ ದಿನ ಕಾಲು ನೋವೆಂದು ಅಳುತ್ತದೆ ಎಂದಳು. ನಾನು ಅವಳನ್ನು ಕೂರಿಸಿಕೊಂಡು ಪಾಠ ಮಾಡಿದೆ. ಸ್ನಾಯುವಿನೊಳಗೆ ಕೂದಲಿಗಿಂತ ಸಣ್ಣ ಎಳೆಗಳು ಒತ್ತೊತ್ತಾಗಿರುತ್ತವೆ. ಮಿದುಳಿನಿಂದ ಅಪ್ಪಣೆ ಬಂದೊಡನೆ ಒಂದರ ಸಂದಿಗೆ ಇನ್ನೊಂದು ಜಾರಿ ಸ್ನಾಯು ಗಿಡ್ಡವಾಗುತ್ತದೆ, ಮೂಳೆಯನ್ನು ಎಳೆಯುತ್ತದೆ. ಅದಕ್ಕೆ ಸಕ್ಕರೆ ಉರಿಯಬೇಕು, ಸಕ್ಕರೆ ಉರಿಯಲು ಪ್ರಾಣವಾಯು ಬೇಕು. ಬೇಗ ಬೇಗ ಬಸ್ಕಿ ಹೊಡೆದರೆ ಉಸಿರು ಸಾಲದೆ, ಸಕ್ಕರೆ ಅರೆಬರೆ ಉರಿದು ಒಂದು ಬಗೆಯ ಹುಳಿ ಸೇರಿಕೊಳ್ಳುತ್ತದೆ. ತೊಡೆ ಉರಿಯುವುದು, ಕಾಲು ಮಾತು ಕೇಳದಿರುವುದು ಆಗಲೇ. ಸುಧಾರಿಸಿಕೊಂಡರೆ ರಕ್ತ ಆ ಹುಳಿಯನ್ನು ಹೊತ್ತೊಯ್ಯುತ್ತದೆ. ಎಳೆ ಅಲ್ಲಲ್ಲಿ ಹರಿದಿದ್ದರೆ ನಿದ್ದೆಯಲ್ಲಿ ಮೈ ಅದನ್ನು ಹೊಲಿದು ಮೊದಲಿಗಿಂತ ದಪ್ಪ ಮಾಡುತ್ತದೆ. ದಣಿವಾದರೆ ತಾನೇ ಬಲ ಬರುವುದು ಎಂದೆ. ಸ್ಲೇಟಿನ ಮೇಲೆ ಚಿತ್ರ ಕೂಡ ಬರೆದೆ.

ಅವಳು ಚಿತ್ರವನ್ನು ನೋಡಿದಳು. ಆಮೇಲೆ ನಿಧಾನವಾಗಿ ಹೇಳಿದಳು, "ಬ್ಯಾರೆ ಹುಡುಗ್ರೂ ದಣೀತವೆ, ಬೆಳಿಗ್ಗೆ ಎದ್ರೆ ಓಡ್ತವೆ. ಇವನು ಮಲಗೋವಾಗ ಹೆಂಗಿದ್ನೋ ಏಳೋವಾಗ್ಲೂ ಹಂಗೇ ಇರ್ತಾನೆ ಇಂದ್ರಮ್ಮ. ಇವನ ದಣಿವು ಹೋಗ್ತಾನೇ ಇಲ್ಲ."

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಆ ಹೆಂಗಸು ಹೇಳಿದ ಅಷ್ಟು ಮಾತಿನಲ್ಲಿ ಇಡೀ ರೋಗ ಇತ್ತು. ನಾನು ನಕ್ಕೆ. ತಾಯಿಯ ಕಣ್ಣಿಗೆ ಹಾಗೇ ಕಾಣುವುದು ಎಂದು ಬೆನ್ನು ತಟ್ಟಿ ಕಳಿಸಿದೆ.

ಅವಳು ಮಾವನಿಗೂ ಹೇಳಿದ್ದಳೆಂದು ಕಾಣುತ್ತದೆ. ಎರಡು ದಿನ ಬಿಟ್ಟು ಅಪ್ಪ ಜಗಲಿಯ ಮೇಲೆ ನನ್ನನ್ನು ಕರೆದು ಕೂರಿಸಿಕೊಂಡರು. ಪಕ್ಕದಲ್ಲಿ ಅಂಜನಮ್ಮ ರಾಗಿ ಕೇರುತ್ತಿದ್ದಳು. ಅಣ್ಣ ಎರಡನೇ ಪಾಳಿಗೆ ಹೋಗಿದ್ದ. ನಲವತ್ತು ವರ್ಷದಲ್ಲಿ ಎಷ್ಟೋ ಹುಡುಗರ ಕೈಕಾಲು ತಿಕ್ಕಿದ್ದೇನೆ, ಈ ಮಗುವಿನ ಕಾಲು ನೋಡಲು ದಪ್ಪ, ಅಮುಕಿದರೆ ಹಸಿ ಹಿಟ್ಟಿನ ಹಾಗಿದೆ, ಒಂದೆರಡು ವರ್ಷ ಗರಡಿ ಬಿಡಿಸಿ ನೋಡೋಣವೆಂದು ಮನಸ್ಸಿಗೆ ಬರುತ್ತಿದೆ, ನೀನು ಓದಿದವಳು, ಏನನ್ನುತ್ತೀ ಎಂದು ಕೇಳಿದರು.

ಅಪ್ಪ ನನ್ನನ್ನು ಗರಡಿಯ ವಿಷಯ ಕೇಳಿದ್ದು ಅದೇ ಮೊದಲು. ಇಪ್ಪತ್ತೈದು ವರ್ಷ ಕಾದಿದ್ದ ಪ್ರಶ್ನೆ ಅದು. ಅದಕ್ಕೆ ನಾನು ಉತ್ತರ ಕೊಟ್ಟೆನೇ ಹೊರತು ಮಗುವಿನ ಕಾಲಿಗೆ ಕೊಡಲಿಲ್ಲ. ಬಿಡಿಸಲೇಬೇಡಿ, ಈಗ ಬಿಟ್ಟರೆ ಮೆತ್ತಗೇ ಉಳಿಯುತ್ತದೆ, ಐವತ್ತು ಮಾಡುತ್ತಿದ್ದರೆ ನೂರು ಮಾಡಿಸಿ, ಗಟ್ಟಿಯಾಗುತ್ತದೆ ಎಂದೆ. ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು ಎಂದು ಚೀಟಿ ಬರೆದುಕೊಟ್ಟೆ. ಹಾಲು, ಮೊಟ್ಟೆ, ನೆನೆಸಿದ ಬಾದಾಮಿ. ಅಪ್ಪ ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಂಜನಮ್ಮ ಮೊರ ಕೆಳಗಿಟ್ಟು ಒಳಗೆ ಹೋದಳು.

ಒಂದೂಕಾಲು ವರ್ಷ ಆ ಚೀಟಿಯ ಪ್ರಕಾರ ನಡೆಯಿತು. ಹನುಮ ಒಂದು ದಿನವೂ ತಪ್ಪಿಸಲಿಲ್ಲ. ನೂರು ಹೊಡೆಯಲು ಅವನಿಗೆ ಒಂದು ಗಂಟೆ ಹಿಡಿಯುತ್ತಿತ್ತು. ಅತ್ತೆ ಹೇಳಿದ್ದಾರೆ, ನೋವಾದ ಕಡೆಯಲ್ಲೇ ಬಲ ಬರುತ್ತದೆ ಎಂದು ಓರಗೆಯ ಹುಡುಗರಿಗೆ ಪಾಠ ಒಪ್ಪಿಸುತ್ತಿದ್ದನಂತೆ. ಕೇಳಿ ನಾನು ಬೀಗಿದೆ. ದೇವರೆಂಬುವನಿದ್ದರೆ ಆ ಬೀಗಿದ್ದಕ್ಕೆ ನನಗೆ ಬೇರೆ ಲೆಕ್ಕ ಇಟ್ಟಿರಬೇಕು.

ಎಂಬತ್ನಾಲ್ಕರ ಬೇಸಿಗೆಯಲ್ಲಿ ಹನುಮ ಬಸ್ಸಿನ ಮೆಟ್ಟಿಲಲ್ಲಿ ಬಿದ್ದು ತುಟಿ ಸೀಳಿಕೊಂಡ. ನಾನೇ ಜೊತೆಯಲ್ಲಿದ್ದೆ, ವಿಜಯನಗರದ ಡಾಕ್ಟರ್ ಚಕ್ರಪಾಣಿಯವರ ಕ್ಲಿನಿಕ್ಕಿಗೆ ಎತ್ತಿಕೊಂಡು ಹೋದೆ. ಹೊಲಿಗೆ ಹಾಕಿದ್ದಾಯಿತು. ಕೊಟ್ಟ ಪೆಪ್ಪರ್ಮಿಂಟು ನೆಲಕ್ಕೆ ಬಿತ್ತೆಂದು ಹನುಮ ಕೂತು ಎತ್ತಿಕೊಂಡು, ಎಂದಿನಂತೆ ತೊಡೆಗೆ ಕೈ ಕೊಟ್ಟು ಎದ್ದ. ಡಾಕ್ಟರ್ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, ಇನ್ನೊಂದು ಸಲ ಕೂತು ಏಳು ಮರಿ ಎಂದರು. ಎದ್ದ. ಇನ್ನೊಂದು ಸಲ ಎಂದರು. ನಮ್ಮದು ಗರಡಿ ಮನೆತನ ಸಾರ್, ತೊಡೆ ತಟ್ಟುವುದು ರಕ್ತದಲ್ಲೇ ಬಂದಿದೆ ಎಂದು ನಾನು ನಗುತ್ತಾ ಹೇಳಿದೆ. ಅವರು ನಗಲಿಲ್ಲ. ಹುಡುಗನನ್ನು ಬೋರಲು ಮಲಗಿಸಿ ಮೀನಖಂಡ ಅಮುಕಿ ನೋಡಿ, ಹೊಸೂರು ರಸ್ತೆಯ ದೊಡ್ಡಾಸ್ಪತ್ರೆಗೆ ಕಾಗದ ಬರೆದುಕೊಟ್ಟರು.

ಅಲ್ಲಿ ರಕ್ತ ತೆಗೆದರು, ಕಾಲಿಗೆ ಸೂಜಿ ಚುಚ್ಚಿ ಯಂತ್ರದಲ್ಲಿ ಗೆರೆ ನೋಡಿದರು, ಮೀನಖಂಡದಿಂದ ಕಡಲೆಕಾಳಿನಷ್ಟು ತುಣುಕು ಕತ್ತರಿಸಿದರು. ಇಪ್ಪತ್ತು ದಿನ ಬಿಟ್ಟು ಕರೆದರು. ಅಣ್ಣ ರಜೆ ಹಾಕಿ ಬಂದಿದ್ದ. ಅಂಜನಮ್ಮ, ನಾನು. ಹನುಮ ತಾತನ ಜೊತೆ ಮನೆಯಲ್ಲೇ ಉಳಿದಿದ್ದ. ಡಾಕ್ಟರಮ್ಮ ವಯಸ್ಸಾದವರು, ಮೆಲ್ಲಗೆ ಮಾತಾಡುವವರು. ಕಾಲು ದಪ್ಪಗಿರುವುದು ಸ್ನಾಯುವಿನಿಂದಲ್ಲ, ಸ್ನಾಯು ಸತ್ತ ಜಾಗದಲ್ಲಿ ಕೊಬ್ಬು ತುಂಬಿಕೊಂಡಿದೆ ಎಂದರು. ಹುಟ್ಟಿನಿಂದಲೇ ಬಂದದ್ದು. ಎಲ್ಲರ ಸ್ನಾಯುವೂ ಕೆಲಸ ಮಾಡುವಾಗ ಅಷ್ಟಿಷ್ಟು ಹರಿಯುತ್ತದೆ, ಮೈ ರಿಪೇರಿ ಮಾಡಿಕೊಳ್ಳುತ್ತದೆ. ಈ ಮಗುವಿಗೆ ಹರಿದದ್ದು ಹರಿದಂತೆಯೇ ಹೋಗುತ್ತದೆ. ಏನು ಕಮ್ಮಿಯಾಗಿ ಹೀಗಾಗುತ್ತದೆ ಎಂದು ನಮಗಿನ್ನೂ ಗೊತ್ತಿಲ್ಲ, ಔಷಧ ಇಲ್ಲ. ಇನ್ನೆರಡು ವರ್ಷದಲ್ಲಿ ನಡೆಯುವುದು ನಿಲ್ಲಬಹುದು. ಆಮೇಲೆ ಕೈ, ಆಮೇಲೆ ಉಸಿರು. ಇಪ್ಪತ್ತು ದಾಟುವವರು ಕಡಿಮೆ.

ಅಣ್ಣ ಗೋಡೆಗೆ ಒರಗಿದ. ಡಾಕ್ಟರಮ್ಮ ಹುಡುಗನ ದಿನಚರಿ ವಿಚಾರಿಸಿದರು. ಓಡಾಟ, ಆಟ, ನಿದ್ದೆ. ಅಂಜನಮ್ಮ ಬಸ್ಕಿಯ ವಿಷಯ ಹೇಳಿದಳು. ದಿನಕ್ಕೆ ನೂರು. ಕೇಳಿ ಅವರು ಕನ್ನಡಕ ತೆಗೆದರು. ಅಂಥ ಸ್ನಾಯುವಿಗೆ ಬಸ್ಕಿಯಷ್ಟು ಕೆಟ್ಟದ್ದು ಇನ್ನೊಂದಿಲ್ಲ, ರೋಗ ಹೇಗೂ ಬರುತ್ತಿತ್ತು, ಆದರೆ ಒಂದಿಷ್ಟು ತಿಂಗಳು ಹೆಚ್ಚು ನಡೆಯುತ್ತಿದ್ದನೇನೋ ಎಂದರು. ಯಾರು ಮಾಡಿಸಿದ್ದು ಎಂದು ಕೇಳಿದರು.

"ಅವನ ತಾತ," ಎಂದೆ. "ಹಳೇ ಕಾಲದೋರು ಮೇಡಂ. ನಾವು ಬೇಡ ಅಂದ್ರೂ ಕೇಳ್ಲಿಲ್ಲ."

ಯೋಚಿಸಿ ಆಡಿದ ಮಾತಲ್ಲ ಅದು. ಬಿಸಿ ಪಾತ್ರೆ ಮುಟ್ಟಿದ ಕೈ ತಾನಾಗಿ ಹಿಂದಕ್ಕೆ ಬರುವಂತೆ ಬಾಯಿಂದ ಬಂದುಬಿಟ್ಟಿತು. ಅಂಜನಮ್ಮ ತಲೆ ತಿರುಗಿಸಿ ನನ್ನನ್ನೇ ನೋಡಿದಳು. ಅವಳು ಜಗಲಿಯ ಮೇಲೆ ರಾಗಿ ಕೇರುತ್ತಾ ಎಲ್ಲವನ್ನೂ ಕೇಳಿದ್ದವಳು.

ಮನೆಗೆ ಬಂದವನೇ ಅಣ್ಣ ಅಪ್ಪನ ಮುಂದೆ ನಿಂತ. ನನ್ನ ಮಗನಿಗೆ ನೂರು ಬಸ್ಕಿ ಹೊಡೆಸಿದವನು ನೀನೇನಾ ಎಂದು ಕೇಳಿದ. ಅವನು ತಂದೆಗೆ ಏಕವಚನದಲ್ಲಿ ಮಾತಾಡಿದ್ದನ್ನು ನಾನು ಅಲ್ಲಿಯತನಕ ಕೇಳಿರಲಿಲ್ಲ. ಅಪ್ಪ ಮೊದಲು ಅವನನ್ನು ನೋಡಿದರು, ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ನಾನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದೆ.

"ಊಂ ಕಣಪ್ಪ," ಎಂದರು ಅಪ್ಪ. "ನಾನೇ ಹೊಡೆಸ್ದೆ. ನಾನೇ ಎಣಿಸ್ದೆ."

ಅಷ್ಟೇ. ಅಣ್ಣ ಗರಡಿಗೆ ಬೀಗ ಹಾಕಿ ಬೀಗದಕೈ ತನ್ನ ಹತ್ತಿರ ಇಟ್ಟುಕೊಂಡ. ಅಂದಿನಿಂದ ತಂದೆಯ ಜೊತೆ ಮಾತು ಬಿಟ್ಟ. ಒಂದೇ ಸೂರಿನಡಿ ಇದ್ದುಕೊಂಡು ಒಂದು ವರ್ಷ ಎಂಟು ತಿಂಗಳು. ಊಟಕ್ಕೆ ಕರೆಯಬೇಕಾದರೆ ಹನುಮನ ಕೈಲಿ ಹೇಳಿಸುತ್ತಿದ್ದ. ಅಪ್ಪ ಬಂದು, ತಲೆ ತಗ್ಗಿಸಿ ಉಂಡು, ಎದ್ದು ಹೋಗುತ್ತಿದ್ದರು. ನೂರಾರು ಹುಡುಗರಿಂದ ಕಾಲಿಗೆ ಬೀಳಿಸಿಕೊಂಡ ಮನುಷ್ಯ, ಮುದ್ದೆಗೆ ಇನ್ನೊಂದು ಸೌಟು ಸಾರು ಕೇಳಲು ಅಂಜುತ್ತಿದ್ದರು.

ಬಸ್ಕಿ ಏಕೆ ನಿಂತಿತು ಎಂದು ಹನುಮನಿಗೆ ಯಾರೂ ಹೇಳಿರಲಿಲ್ಲ. ಏಳು ವರ್ಷದ ಮಗುವಿಗೆ ಏನೆಂದು ಹೇಳುವುದು? ಒಂದು ಸಂಜೆ ಮಗ್ಗಿ ಬರೆಯುತ್ತಿದ್ದವನು ತಲೆಯೆತ್ತದೆ ಕೇಳಿದ, "ಅತ್ತೆ, ನಾನು ಸೋಮಾರಿ ಅಂತ ಗರಡಿ ಮುಚ್ಚಿದ್ರಾ?" ಅಲ್ಲ ಎಂದೆ. ಮತ್ತೆ ಯಾಕೆ ಎಂದ. ಗರಡಿಯ ಮಣ್ಣು ಹಳತಾಗಿದೆ, ಹೊಸ ಮಣ್ಣು ಬರಬೇಕು ಎಂದೆ. ಸುಳ್ಳು ಹೇಳುವುದು ಇಷ್ಟು ಸಲೀಸೆಂದು ನನಗೆ ಗೊತ್ತಿರಲಿಲ್ಲ. ಅವನು ಒಪ್ಪಿಕೊಂಡು ಹದಿಮೂರರ ಮಗ್ಗಿಗೆ ಹೋದ.

ಹೇಳಿಬಿಡಬೇಕು ಎಂದು ನಾನು ಎಷ್ಟು ಸಲ ಅಂದುಕೊಂಡೆನೋ. ಅಣ್ಣನ ಪಾಳಿ ಬದಲಾಗಲಿ, ಹಬ್ಬ ಕಳೆಯಲಿ, ಪರೀಕ್ಷೆ ಪೇಪರು ತಿದ್ದಿ ಮುಗಿಯಲಿ. ಅಪ್ಪನನ್ನು ಒಂಟಿಯಾಗಿ ಕಂಡಾಗಲೂ ಬಾಯಿ ಬರಲಿಲ್ಲ. ಅವರೂ ಆ ಮಾತು ಎತ್ತಲಿಲ್ಲ. ಒಮ್ಮೆ ಮಾತ್ರ, ನಾನು ಕಾಫಿ ಕೊಡಲು ಹೋದಾಗ, ಸೊಂಟದಿಂದ ಆ ಚೀಟಿ ತೆಗೆದು ನನ್ನ ಕೈಗೆ ಕೊಟ್ಟರು. ಮಡಿಕೆಗಳಲ್ಲಿ ಹರಿದುಹೋಗಿತ್ತು. ಒಲೆಗೆ ಹಾಕವ್ವ, ಯಾರಾದರೂ ನೋಡಿಯಾರು ಎಂದರು. ಹಾಕಿದೆ. ಹಾಕಿ ಸುಮ್ಮನಾದೆ.

ಎಂಬತ್ತೈದರ ದೀಪಾವಳಿಯ ಹೊತ್ತಿಗೆ ಹನುಮ ನಡೆಯುವುದು ನಿಂತಿತು. ಸುಂಕದಕಟ್ಟೆಯ ಶಾಲೆಗೆ ನಾನು ಹೊತ್ತೊಯ್ಯಲು ಶುರು ಮಾಡಿದೆ. ಬೆಳಿಗ್ಗೆ ನಾನು ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂರುವುದು, ಅಂಜನಮ್ಮ ಅವನನ್ನು ನನ್ನ ಬೆನ್ನಿಗೆ ಹತ್ತಿಸಿ ಹಳೇ ಸೀರೆಯಲ್ಲಿ ಕಟ್ಟುವುದು. ಅವನನ್ನು ಶಾಲೆಯಲ್ಲಿ ಇಳಿಸಿ ನಾನು ಮಾಗಡಿ ರಸ್ತೆಯ ಬಸ್ಸು ಹಿಡಿಯುವುದು. ಅರ್ಧ ದಾರಿಗೆ ನನ್ನ ತೊಡೆ ಉರಿಯುತ್ತಿತ್ತು, ಮಂಡಿ ನಡುಗುತ್ತಿತ್ತು. ಆ ಉರಿಯ ಹೆಸರು, ಕಾರಣ ಎಲ್ಲ ನನಗೆ ಗೊತ್ತು. ಮೊದಮೊದಲು ಅದರಿಂದ ಒಂದು ಬಗೆಯ ಸಮಾಧಾನ ಕೂಡ ಆಗುತ್ತಿತ್ತು, ಶಿಕ್ಷೆ ಅನುಭವಿಸುತ್ತಿದ್ದೇನೆ ಎಂದು. ಆದರೆ ಮೂರನೇ ಪೀರಿಯಡ್ಡಿನ ಹೊತ್ತಿಗೆ ಉರಿ ಇಳಿದಿರುತ್ತಿತ್ತು. ಎರಡು ತಿಂಗಳಲ್ಲಿ ನನ್ನ ಕಾಲುಗಳು ಗಟ್ಟಿಯಾದವು. ಮೂವತ್ತಾರರ ವಯಸ್ಸಿನಲ್ಲಿ ನನಗೆ ಪೈಲ್ವಾನರ ಮೀನಖಂಡ ಬಂತು. ಸ್ನಾನಕ್ಕೆ ಹೋದಾಗ ಅವನ್ನು ನೋಡಿ ನನಗೆ ಅಳು ಬರುತ್ತಿತ್ತು.

ಶಿವರಾತ್ರಿ ಇನ್ನೂ ಎರಡು ವಾರ ಇರುವಾಗ ಅಪ್ಪ ತೀರಿಕೊಂಡರು. ಬೆಳಿಗ್ಗೆ ಹಲ್ಲುಜ್ಜಲು ಹೋದವರು ಬಾವಿಕಟ್ಟೆಯ ಹತ್ತಿರ ಕುಸಿದರು. ಅಣ್ಣ ಮಾಡಬೇಕಾದ್ದನ್ನೆಲ್ಲ ಮಾಡಿದ, ಬೆಂಕಿ ಇಟ್ಟ, ತಲೆ ಬೋಳಿಸಿಕೊಂಡ. ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಹಳೇ ಪೈಲ್ವಾನರು ಸೇರಿ, ಅಪ್ಪ ಗದೆ ಹಿಡಿದು ನಿಂತ ಫೋಟೋಕ್ಕೆ ಚೌಕಟ್ಟು ಹಾಕಿಸಿ ತಂದುಕೊಟ್ಟರು. ನನ್ನ ಮಗನ ಕಾಲು ತಿಂದವನ ಫೋಟೋ ಈ ಮನೆಯ ಗೋಡೆಗೆ ಬೇಡ ಎಂದು ಅಣ್ಣ ಅವರ ಮುಂದೆಯೇ ಹೇಳಿದ. ಅವರು ಅದನ್ನು ಅಂಜನಮ್ಮನ ಕೈಲಿ ಕೊಟ್ಟು ಹೊರಟುಹೋದರು.

ತಿಥಿ ಕಳೆದ ಮೇಲೆ ಅಂಜನಮ್ಮ ಆ ಫೋಟೋವನ್ನು ಟವೆಲಿನಲ್ಲಿ ಸುತ್ತಿ ತಂದು ನನ್ನ ತೊಡೆಯ ಮೇಲಿಟ್ಟಳು.

"ಇದನ್ನ ಎಲ್ಲಿ ಇಡ್ಲಿ ಇಂದ್ರಮ್ಮ, ನೀವೇ ಹೇಳಿ," ಎಂದಳು.

ಆಸ್ಪತ್ರೆಯಲ್ಲಿ ತಲೆ ತಿರುಗಿಸಿ ನೋಡಿದ್ದಳಲ್ಲ, ಅಲ್ಲಿಂದ ಇಲ್ಲಿಯವರೆಗೆ ಅವಳು ಆ ವಿಷಯದಲ್ಲಿ ಆಡಿದ ಮಾತು ಅದೊಂದೇ.

ಅಣ್ಣ ಹಿತ್ತಲಲ್ಲಿ ಸೈಕಲ್ ಮಗುಚಿ ಹಾಕಿ ಪಂಕ್ಚರ್ ಹಾಕುತ್ತಿದ್ದ. ಸಂಜೆಯ ಬಿಸಿಲು ಇನ್ನೂ ಇತ್ತು. ನಾನು ಹೋಗಿ ಎದುರಿಗೆ ನಿಂತು ಎಲ್ಲವನ್ನೂ ಹೇಳಿದೆ. ಅಪ್ಪ ಬಿಡಿಸೋಣ ಅಂದಿದ್ದರು, ಮಗುವಿನ ದಣಿವು ಹೋಗುತ್ತಿಲ್ಲ ಎಂದು ಅಂಜನಮ್ಮ ಹೇಳಿದ್ದಳು, ನೂರು ಮಾಡಿಸಿ ಎಂದು ಬರೆದುಕೊಟ್ಟವಳು ನಾನು, ಡಾಕ್ಟರ ಮುಂದೆ ಸುಳ್ಳು ಹೇಳಿದವಳೂ ನಾನು ಎಂದೆ. ಅವನು ಟ್ಯೂಬನ್ನು ನೀರಿನಲ್ಲಿ ಅದ್ದಿದವನು ಹಾಗೇ ಹಿಡಿದುಕೊಂಡಿದ್ದ. ಗುಳ್ಳೆಗಳು ಬರುತ್ತಲೇ ಇದ್ದವು. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು.

ಟ್ಯೂಬನ್ನು ನೀರಿನಿಂದ ಮೇಲೆತ್ತಿದ. "ಮೊನ್ನೆ ಮೊನ್ನೆ ಅಪ್ಪ ಚಳಿ ಅಂತ ಕೂತಿತ್ತು. ನನ್ ಹತ್ರ ಎರಡು ಕಂಬಳಿ ಇತ್ತು, ಕೊಡ್ಲಿಲ್ಲ. ನೀನು ಅಲ್ಲೇ ಇದ್ದೆ."

ಹೌದು ಎಂದೆ.

"ನಿನ್ ಜೊತೆ ಮಾತು ಬಿಡೋಣ ಅಂದ್ರೆ ಅದೂ ಆಗಲ್ಲ ಕಣೇ ಇಂದ್ರ. ಬೆಳಗಾದ್ರೆ ನನ್ ಮಗನ್ನ ನೀನೇ ಹೊರ್ಬೇಕು."

ಟ್ಯೂಬನ್ನು ಒರೆಸಿ ತೇಪೆ ಹಾಕಿದ. ನಾನು ಒಳಗೆ ಬಂದೆ.

ಮರುದಿನ ಬೆಳಿಗ್ಗೆ ಎಂದಿನಂತೆ ಬಾಗಿಲಲ್ಲಿ ಕೂತೆ. ಬೆನ್ನಿಗೆ ಭಾರ ಬಿದ್ದಾಗ ಅದು ಅಂಜನಮ್ಮನ ಕೈಯಲ್ಲ ಎಂದು ತಿಳಿಯಿತು. ಅಣ್ಣ ಮಗನ ಎರಡೂ ತೋಳನ್ನು ತಂದು ನನ್ನ ಕುತ್ತಿಗೆಯ ಸುತ್ತ ಇರಿಸಿದ, ಸೀರೆಯನ್ನು ಎರಡು ಸುತ್ತು ಸುತ್ತಿ ನನ್ನ ಹೊಟ್ಟೆಯ ಮೇಲೆ ಗಂಟು ಹಾಕಿದ, ಗಂಟನ್ನು ಎಳೆದು ನೋಡಿದ. ಅಷ್ಟು ಹೊತ್ತೂ ಅವನ ಬೋಳುತಲೆ ನನ್ನ ಮುಖದಿಂದ ಗೇಣುದೂರದಲ್ಲಿತ್ತು. ಒಮ್ಮೆಯೂ ಕಣ್ಣೆತ್ತಲಿಲ್ಲ.

"ಗಟ್ಟಿಯಾಗಿ ಹಿಡ್ಕೋ ಮಗ," ಎಂದು ಹನುಮನಿಗೆ ಹೇಳಿದ. ನಾನು ಎದ್ದು ನಡೆದೆ.